ಮೊಣಕಾಲು ನೀರಿನ ಚೊಣಕ

ಹೊನ್ನಾವರ
೧೨ ಫೆಬ್ರವರಿ ೨೦೨೫, ಬುಧವಾರ

ಚಿರಂಜೀವಿ ರಂಜಿತಾಳಿಗೆ,

ನಿನ್ನ ಮಾವ ವಿಶ್ವನಾಥನ ಆಶೀರ್ವಾದಗಳು. ಕಾಯ್ಕಿಣಿಯಲ್ಲಿ ನಿನ್ನ ತಂದೆ, ತಾಯಿ, ತಮ್ಮ ನಾಗರಾಜ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನನ್ನ ದೇಹಸ್ಥಿತಿ ವಯಸ್ಸಿಗೆ ತಕ್ಕಂತಿದೆ. ಅಕ್ಷರ ಸೊಟ್ಟಗಿರುವುದಕ್ಕೆ ಬಲಗೈಯ ಎರಡು ಬೆರಳಿಗೆ ಕಟ್ಟಿರುವ ಪಟ್ಟಿ ಕಾರಣ; ಅದರ ವಿಷಯ ಮುಂದೆ ಬರೆಯುತ್ತೇನೆ.

ಸಂಕ್ರಾಂತಿಯ ಮರುದಿನ ನೀನು ಬರೆದ ಪತ್ರಕ್ಕೆ ಇಂದು ಉತ್ತರಿಸುತ್ತಿದ್ದೇನೆ. ತಡವಾದದ್ದಕ್ಕೆ ಕ್ಷಮೆಯಿರಲಿ. ಮೂರು ಬಾರಿ ಬರೆದು ಹರಿದೆ. ಮೊದಲ ಬಾರಿ, ನಿನ್ನ ಹೆಸರಿನ ಹಿಂದೆ ಆರು ವರ್ಷ ‘ಚಿ. ಸೌ.’ ಎಂದು ಬರೆದ ಕೈ ತಾನಾಗಿ ಹಾಗೆಯೇ ಬರೆಯಿತು. ಆ ಎರಡನೆಯ ಅಕ್ಷರವನ್ನು ಹೊಡೆದು ಹಾಕುವುದು ನನ್ನಿಂದಾಗಲಿಲ್ಲ. ಅದಕ್ಕೇ ಹಾಳೆಯನ್ನೇ ಹರಿದೆ.

ನೀನು ಬರೆದದ್ದು ನಾಲ್ಕೇ ಸಾಲು. ಭಾಸ್ಕರನ ವರ್ಷಾಂತಕ್ಕೆ ನೀನು ಬರುವುದಿಲ್ಲ. ಆ ದಿನ ಬೆಳಿಗ್ಗೆ ಅಂಥ ಮಾತನ್ನಾಡಿದವಳು ಯಾವ ಮುಖ ಹೊತ್ತು ಅವನ ಹೆಸರಿನಲ್ಲಿ ಕೂರುವುದು ಎಂದು ನನ್ನನ್ನೇ ಕೇಳಿದ್ದೀಯೆ. ಭಟ್ಕಳದ ಶಾಲೆಯಲ್ಲಿ ಕೆಲಸ ಸಿಕ್ಕರೂ ನೀನು ಹೋಗಲಿಲ್ಲವೆಂದು ನಾಗರಾಜ ಹೇಳಿದ. “ಅಕ್ಕ ದಿನಾ ಬೆಳಿಗ್ಗೆ ಅದೊಂದೇ ಮಾತು ಹೇಳ್ಕಂಡು ಕೂತ್ಕಂತಾಳೆ ಮಾವ, ನಾವು ಎಂತ ಹೇಳಿದ್ರೂ ಕೇಳೂದಿಲ್ಲ” ಎಂದ. ಆ ಮಾತು ನನಗೆ ಗೊತ್ತಿದೆ. “ಆ ಮೀನು ಸಿಕ್ಕದೇ ಇದ್ರೆ ಮನೆಗೆ ಬರಬೇಡಿ.” ದಹನದ ದಿನ ನೀನು ಅದನ್ನು ಎಲ್ಲರೆದುರು ಹೇಳಿಕೊಂಡು ಅತ್ತೆ. ನಾನೂ ಅಲ್ಲಿಯೇ ನಿಂತಿದ್ದೆ.

ಈಗ ನನ್ನ ವರ್ತಮಾನ. ಕಳೆದ ಹತ್ತು ತಿಂಗಳಿಂದ ನಾನು ಅಘನಾಶಿನಿ ಹೊಳೆಗೆ ಹೋಗಿ ಚೊಣಕ ಮೀನಿಗೆ ಗಾಳ ಹಾಕುವುದನ್ನು ಕಲಿಯುತ್ತಿದ್ದೇನೆ. ನೀನು ನಂಬಲಾರೆ. ತಹಶೀಲ್ದಾರ ಕಚೇರಿಯಲ್ಲಿ ಶಿರಸ್ತೇದಾರನಾಗಿ ಮೂವತ್ತೊಂದು ವರ್ಷ ಇಸ್ತ್ರಿಯ ಅಂಗಿ ತೊಟ್ಟವನು, ಮೀನನ್ನು ತಟ್ಟೆಯಲ್ಲಿ ಮಾತ್ರ ಬಲ್ಲವನು, ಪ್ಯಾಂಟು ಮಡಚಿಕೊಂಡು ಹೊಳೆಯಲ್ಲಿ ನಿಲ್ಲುವುದನ್ನು ನಾನೂ ಊಹಿಸಿರಲಿಲ್ಲ.

ಅಪಘಾತದ ನಂತರ ಪೊಲೀಸರು ಒಪ್ಪಿಸಿದ ವಸ್ತುಗಳಲ್ಲಿ ಅವನ ಗಾಳದ ಕೋಲು ಎರಡು ತುಂಡಾಗಿ ಬಂದಿತ್ತು. ಬೆಂಕಿಗೆ ಹಾಕಿ ಎಂದು ನೀನು ಹೇಳಿದೆ. ನಾನು ಹಾಕಲಿಲ್ಲ. ಸೈಕಲ್ ರಿಪೇರಿಯವನ ಬಳಿ ಹಿತ್ತಾಳೆಯ ಕೊಳವೆಯೊಂದನ್ನು ತೊಡಿಸಿ ಎರಡು ತುಂಡನ್ನೂ ಕೂಡಿಸಿದೆ. ನನ್ನ ಉದ್ದೇಶ ಒಳ್ಳೆಯದಾಗಿರಲಿಲ್ಲ ಎಂಬುದನ್ನೂ ಬರೆದುಬಿಡುತ್ತೇನೆ. ಒಂದು ಮೀನಿಗಾಗಿ ಮೂರು ವರ್ಷದ ಭಾನುವಾರಗಳನ್ನು ಕಳೆಯುವುದು ಸೋಮಾರಿತನವೆಂದು ನಾನು ಅವನೊಡನೆ ವಾದಿಸುತ್ತ ಬಂದಿದ್ದೆ. ಅವನು ಹೋದ ಮೇಲೂ ಆ ವಾದವನ್ನು ಸಾಧಿಸಬೇಕೆಂದು ನನಗನ್ನಿಸಿತ್ತು. ಒಂದು ತಿಂಗಳಲ್ಲಿ ಚೊಣಕ ಹಿಡಿದು ತೋರಿಸುತ್ತೇನೆ ಎಂದುಕೊಂಡೇ ಏಪ್ರಿಲ್‌ನಲ್ಲಿ ಕುಮಟೆಯ ಬಸ್ಸು ಹತ್ತಿದೆ. ಯಾರಿಗೆ ತೋರಿಸುವುದೆಂದು ಯೋಚಿಸಿರಲಿಲ್ಲ.

ಅಲ್ಲಿ ಮಾಸ್ತಮ್ಮ ಎಂಬ ಹೆಂಗಸು ಬಳಚು, ಅಂದರೆ ಚಿಪ್ಪುಮೀನು, ಆರಿಸುತ್ತಾಳೆ. ಇಳಿತದ ಹೊತ್ತಿನಲ್ಲಿ ಹೊಳೆಯ ನಡುವೆ ಬಳಚಿನ ದಿಣ್ಣೆಗಳು ತೇಲಿದಂತೆ ಕಾಣಿಸಿಕೊಳ್ಳುತ್ತವೆ. ಪಾದ ಮುಳುಗುವಷ್ಟು, ಹೆಚ್ಚೆಂದರೆ ಮೊಣಕಾಲು ಮುಳುಗುವಷ್ಟು ನೀರು. ಭಾಸ್ಕರನಿಗೆ ಗಾಳ ಕಲಿಸಿದವಳು ಅವಳೇ ಎಂದು ತಿಳಿದುಕೊಂಡು ಹೋಗಿದ್ದೆ.

“ಯಾರ್ರಾ ಅದು, ಬೂಟು ಹಾಕ್ಕಂಡು ಹೊಳಿಗೆ ಇಳಿದವ್ರು? ಆಫೀಸು ಆಚೆ ಬದಿ” ಎಂದು ಅವಳು ದೂರದಿಂದಲೇ ಕೂಗಿದಳು.

ನಾನು ಭಾಸ್ಕರನ ತಂದೆ ಎಂದೆ. ಅವಳು ಬುಟ್ಟಿಯನ್ನು ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ನನ್ನ ಮುಖವನ್ನೂ ಕೋಲಿನ ಹಿತ್ತಾಳೆಯ ಕೊಳವೆಯನ್ನೂ ಬಹಳ ಹೊತ್ತು ನೋಡಿದಳು. ಆಮೇಲೆ, “ಕಾಲೇಜಲ್ಲಿ ಭಾಷಣ ಮಾಡಿ ಢಾಲು ಗೆದ್ದವ್ರು ನೀವೇ ಅಲ್ರಾ? ಭಾಸ್ಕರ ತಮ್ಮ ಹೇಳ್ತಿದ್ದ. ಇಲ್ಲಿ ಭಾಷಣ ನಡೂದಿಲ್ಲ ಒಡೆಯ್ರೆ. ಬಾಯಿ ಮುಚ್ಕಂಡು ನಿಲ್ಲೂಕೆ ಆದ್ರೆ ಬನ್ನಿ” ಎಂದಳು. ಆತು ಎಂದೆ. ಆ ದಿನ ನಾನಾಡಿದ ಕೊನೆಯ ಮಾತು ಅದೇ.

ಅವಳು ಕಲಿಸಿದ್ದನ್ನು ನಿನಗೆ ಬರೆಯಬೇಕೆನ್ನಿಸುತ್ತದೆ, ಏಕೆಂದರೆ ನೀನೂ ನಾನೂ ಬೈದ ಆ ಭಾನುವಾರಗಳಲ್ಲಿ ಅವನು ಮಾಡುತ್ತಿದ್ದದ್ದು ಇದನ್ನೇ. ಚೊಣಕ ಒಂಟಿ ಮೀನು. ದಿಣ್ಣೆ ಮುಗಿದು ಹೊಳೆ ಆಳವಾಗುವ ಅಂಚಿನಲ್ಲಿ, ಸೆಳವಿಗೆ ಮುಖವೊಡ್ಡಿ, ಅಲುಗದೆ ಕಾದಿರುತ್ತದೆ. ಉಬ್ಬರ ತಿರುಗಿ ನೀರು ಇಳಿಯತೊಡಗಿದಾಗ ಸಣ್ಣ ಮೀನು, ಸಿಗಡಿಗಳು ಆ ಅಂಚಿನ ಮೇಲೆ ಹರಿದು ಬರಬೇಕು. ಅದಕ್ಕೆ ಸಿಗುವುದು ಅಷ್ಟೇ ಹೊತ್ತು, ನಮಗೂ ಅಷ್ಟೇ. ನಮ್ಮ ನೆರಳು ಮುಂದೆ ಬೀಳಬಾರದು. ಕಾಲು ಎತ್ತಿಡಬಾರದು, ಜಾರಿಸಬೇಕು. ಜೀವಂತ ಸಿಗಡಿಯನ್ನು ಬಾಲದ ಹತ್ತಿರ ಗಾಳಕ್ಕೆ ಸಿಕ್ಕಿಸಿ ಸೆಳವಿನೊಡನೆ ಬಿಡಬೇಕು. ಮತ್ತೆ ನಿಂತಿರಬೇಕು.

“ಚೊಣಕ ಕಚ್ಚೂದಲ್ಲ, ಬಾಯಿ ತೆಗೆದು ನೀರಿನ ಸಂಗಡ ಎಳ್ಕಣೂದು” ಎಂದು ಮಾಸ್ತಮ್ಮ ಹೇಳಿದಳು. “ಆವಾಗ ನೀವು ಜಗ್ಗಿದ್ರೆ ಗಾಳ ಬಾಯಿಂದ ಹಾಗೇ ಹೊರಗೆ ಬತ್ತದೆ. ಅದು ತಿರುಗಲಿ. ಅದರ ಕೆಲಸ ಅದು ಮುಗಿಸಲಿ. ಆಮೇಲೆ ನಿಮ್ಮದು.”

ನಾನು ಹದಿನಾಲ್ಕು ಬಾರಿ ಮೊದಲೇ ಜಗ್ಗಿದೆ. ಎದುರಾಳಿ ಮಾತು ಮುಗಿಸುವ ಮೊದಲೇ ಉತ್ತರ ಸಿದ್ಧವಿರಬೇಕೆಂದು ಧಾರವಾಡದ ಚರ್ಚಾಸ್ಪರ್ಧೆಗಳಲ್ಲಿ ಕಲಿತವನು. ಆ ಕಲಿಕೆಯನ್ನು ಮನೆಗೂ ತಂದವನು. ಹದಿನಾಲ್ಕನೆಯ ಬಾರಿ ಅವಳು ತಲೆಯ ಮೇಲೆ ಕೈ ಹೊತ್ತು, “ನಿಮ್ಮ ಮಗ ಎಂಟನೇ ಸಲಕ್ಕೇ ಕಾಯೂದು ಕಲ್ತಿದ್ದ ಮಾರಾಯ್ರೆ” ಎಂದಳು. ನನಗೆ ಸಿಟ್ಟು ಬಂತು. ಬಸ್ಸಿನಲ್ಲಿ ಮರಳುವಾಗ ಹೆಮ್ಮೆಯೂ ಆಯಿತು. ಅವನು ನನಗಿಂತ ಬೇಗ ಕಲಿತ ಒಂದು ವಿದ್ಯೆಯಾದರೂ ಇತ್ತೆಂಬುದು ಅವನು ಬದುಕಿದ್ದಾಗ ನನಗೆ ತಿಳಿದಿರಲಿಲ್ಲ.

ರಂಜಿತಾ, ಮಾಸ್ತಮ್ಮ ಅವನು ಹೋದ ಆ ಬುಧವಾರದ ವಿಷಯವನ್ನೂ ಹೇಳಿದ್ದಾಳೆ. ಬ್ಯಾಂಕಿಗೆ ರಜೆ ಹಾಕಿ ಎಂಟು ಗಂಟೆಗೇ ಬಂದನಂತೆ. ಬಂದವನೇ ನಗುತ್ತ, “ಮಾಸ್ತಮ್ಮಾ, ಇವತ್ತು ನಮ್ಮನೆ ಟೀಚರ ಆರ್ಡರ್ ಆಗಿದೆ. ಮೀನಿಲ್ದೇ ಹೋದ್ರೆ ಬಾಗಿಲು ತೆಗೂದಿಲ್ಲಂತೆ” ಎಂದನಂತೆ. ಅವಳು, “ಹಾಗಾದ್ರೆ ಇಲ್ಲೇ ಗುಡಿಸಲು ಕಟ್ಕಣ ತಮ್ಮಾ” ಎಂದಳಂತೆ. ಸುತ್ತಲಿದ್ದ ಹೆಂಗಸರೆಲ್ಲ ನಕ್ಕರಂತೆ. ನೀನು ಒಂದು ವರ್ಷದಿಂದ ಎದೆಯಲ್ಲಿಟ್ಟುಕೊಂಡ ಮಾತನ್ನು ಅವನು ಹೊಳೆಯಲ್ಲಿ ಹೀಗೆ ಹೇಳಿ ನಗಿಸಿದ್ದ. ಇದನ್ನು ನಾನು ನಿನ್ನ ಸಮಾಧಾನಕ್ಕಾಗಿ ಕಟ್ಟಿ ಹೇಳುತ್ತಿಲ್ಲ. ನನಗೆ ಕಟ್ಟಿ ಹೇಳಲು ಬರುವುದಿಲ್ಲವೆಂದು ನಿನಗೆ ಗೊತ್ತು; ನೀನು ಮದುವೆಯಾಗಿ ಬಂದ ಎರಡನೆಯ ವಾರ ಮಾಡಿದ ಸಾರಿಗೆ ಅಂಕ ಕೊಟ್ಟವನು ನಾನು.

ಹನ್ನೊಂದರ ಸುಮಾರಿಗೆ ಮೀನು ಸಿಕ್ಕಿತಂತೆ. ದಂಡೆಗೆ ತಂದು, ಯಾರಿಗೋ ಫೋನು ಮಾಡಿ, ಆಮೇಲೆ ಒಂದು ನಿಮಿಷವೂ ನಿಲ್ಲಲಿಲ್ಲವಂತೆ. “ಒದ್ದೆ ಗೋಣಿಲಿ ಸುತ್ತಿದ್ರೆ ಸಂಜಿ ತನಕ ಎಂತ ಆಗೂದಿಲ್ಲ, ಚಾ ಕುಡ್ಕಂಡು ಹೋಗು ಅಂದೆ ಒಡೆಯ್ರೆ. ಕೇಳಲೇ ಇಲ್ಲ” ಎಂದು ಮಾಸ್ತಮ್ಮ ನಾನು ಹೋದಾಗಲೆಲ್ಲ ಹೇಳುತ್ತಾಳೆ. ಹೆದ್ದಾರಿಯಲ್ಲಿ ಮುಂದಿನ ಲಾರಿಯನ್ನು ದಾಟಲು ಹೋದದ್ದು ಹನ್ನೊಂದೂಮುಕ್ಕಾಲಿಗೆ. ಉಳಿದದ್ದು ನಿನಗೆ ಗೊತ್ತಿದೆ.

ಮೊನ್ನೆ ಭಾನುವಾರ ನನಗೂ ಸಿಕ್ಕಿತು. ಸಿಗಡಿಯ ಸುತ್ತ ನೀರು ಒಳಸರಿದಂತಾಯಿತು; ಹಲ್ಲು ಕಚ್ಚಿ ನಿಂತೆ. ದಾರ ಓರೆಯಾಗಿ ಹೊರಟ ಮೇಲೆ ಎತ್ತಿದೆ. ಅದು ಪೂರ್ತಿ ನೀರಿನಿಂದ ಮೇಲೆದ್ದು ತಲೆ ಕೊಡವಿತು. ನನ್ನ ತೋಳಿನಷ್ಟು ಉದ್ದದ ಬೆಳ್ಳಿ, ಕೆಂಪು ಕಣ್ಣು. ಕೂಡಿಸಿದ ಕೋಲು ತಡೆಯಿತು. ಮಾಸ್ತಮ್ಮ ಬುಟ್ಟಿ ಬಿಟ್ಟು ಓಡಿ ಬಂದಳು. ಹಿಡಿಯುವ ಅವಸರದಲ್ಲಿ ಕಿವಿರಿಗೆ ಬೆರಳು ಹಾಕಿದೆ. ಅದರ ಅಂಚು ಕತ್ತಿಯಂತಿರುತ್ತದೆ. ಪಟ್ಟಿ ಅದಕ್ಕೇ.

ರಕ್ತ ಸುರಿಯುತ್ತಿದ್ದ ಆ ಕೈ ಜೇಬಿಗೆ ಹೋಯಿತು, ಫೋನು ತೆಗೆಯಲು. ತೆಗೆದೆ. ಹಿಡಿದುಕೊಂಡು ನಿಂತೆ. ಮಾಸ್ತಮ್ಮ ಮುಖವನ್ನು ಆಚೆ ತಿರುಗಿಸಿದಳು.

ಆಮೇಲೆ ಅವಳು ಕೊಟ್ಟ ಒದ್ದೆ ಗೋಣಿಯಲ್ಲಿ ಮೀನನ್ನು ಸುತ್ತಿ, ಎರಡು ಬಸ್ಸು ಬದಲಿಸಿ, ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದೆ. ತಲುಪಿದಾಗ ಮಧ್ಯಾಹ್ನ ಮೂರು. ಅಡುಗೆಮನೆಯ ನೆಲದ ಮೇಲೆ ಬಿಚ್ಚಿದೆ. ಕಣ್ಣು ಹೊಳೆಯುತ್ತಿತ್ತು, ಮೈ ಗಟ್ಟಿಯಾಗಿತ್ತು. ಆಗ ತಾನೇ ನೀರಿನಿಂದ ತೆಗೆದಂತಿತ್ತು. ನಾನು ಅದರ ಪಕ್ಕದಲ್ಲಿ ಬಹಳ ಹೊತ್ತು ಕುಳಿತಿದ್ದೆ. ಸಂಜೆ ಪಕ್ಕದ ಮನೆಯ ಹೇಮಾ ಬಂದು ನೋಡಿ, ಗೋಣಿಯ ಸಮೇತ ಎತ್ತಿಕೊಂಡು ಹೋದಳು.

ವರ್ಷಾಂತಕ್ಕೆ ನೀನು ಬರಲೇಬೇಕೆಂದು ನಾನು ವಾದಿಸುವುದಿಲ್ಲ. ಬಂದರೆ ನಿನ್ನ ಜಾಗ ನಿನ್ನದಾಗಿಯೇ ಇರುತ್ತದೆ. ಬಾರದಿದ್ದರೂ ಶಾಲೆಗೆ ಹೋಗು. ಮಕ್ಕಳ ಗದ್ದಲ ನಿನಗೆ ಬೇಕು. ದೇವರು ನಿನಗೆ ಆಯುಸ್ಸನ್ನೂ, ಆ ಆಯುಸ್ಸನ್ನು ಬಾಳುವ ಮನಸ್ಸನ್ನೂ ಕೊಡಲಿ. ನಿನ್ನ ತಂದೆತಾಯಿಗೆ ನನ್ನ ನಮಸ್ಕಾರ.

ಇಂತಿ ನಿನ್ನ ಮಾವ,
ವಿಶ್ವನಾಥ

ಈ ಸಾಲುಗಳ ಮೇಲೆ ‘ಮರೆತದ್ದು’ ಎಂದು ಬರೆಯಲು ಹೊರಟಿದ್ದೆ. ಮರೆತದ್ದಲ್ಲ, ಮುಚ್ಚಿಟ್ಟದ್ದು. ಅವನು ಹೊಳೆಯ ದಂಡೆಯಿಂದ ಫೋನು ಮಾಡಿದ್ದು ನನಗೆ. “ಅಪ್ಪಾ, ಸಿಕ್ತು” ಎಂದ. ನಾನು, “ಫೋನಿನಲ್ಲಿ ಹೇಳಿದ್ದು ಪುರಾವೆಯಾಗುವುದಿಲ್ಲ. ಹನ್ನೆರಡಕ್ಕೆ ಊಟಕ್ಕೆ ಕೂರುತ್ತೇನೆ. ಅಷ್ಟರೊಳಗೆ ತಂದು ತೋರಿಸಿದರೆ ಸೋಲೊಪ್ಪುತ್ತೇನೆ, ಊಟದ ನಂತರ ಯಾವ ಪುರಾವೆಯನ್ನೂ ಸ್ವೀಕರಿಸುವುದಿಲ್ಲ” ಎಂದೆ. ನಾನು ಆಗ ನಗುತ್ತಿದ್ದೆ, ರಂಜಿತಾ. ನನ್ನ ನಗು ದನಿಯಲ್ಲಿ ಬರುವುದಿಲ್ಲ. “ಬತ್ತೆ ಅಪ್ಪಾ, ಬತ್ತೆ, ಊಟಕ್ಕೆ ಕೂರಬೇಡಿ” ಎಂದು ಇಟ್ಟುಬಿಟ್ಟ. ಹನ್ನೆರಡಕ್ಕೆ ನಾನು ಊಟಕ್ಕೆ ಕೂರಲೂ ಇಲ್ಲ. ಗೇಟಿನ ಬಳಿ ನಿಂತಿದ್ದೆ.

ನೀನು ಆಡಿದ ಮಾತಿಗೆ ಅವನು ನಕ್ಕಿದ್ದ. ಅವನು ಓಡಿದ್ದು ನನ್ನ ಮಾತಿಗೆ. ನೀನು ಅಳುತ್ತಿದ್ದಾಗ ನಾನು ಅದನ್ನು ಹೇಳಲಿಲ್ಲ; ಆ ಹೊರೆಯನ್ನು ಒಂದು ವರ್ಷ ನಿನ್ನ ಮೇಲೆಯೇ ಇರಲು ಬಿಟ್ಟೆ. ಹಳೆಯ ಫೋನು ಕೆಟ್ಟಿದೆ, ಅದಕ್ಕೇ ನಂಬರು ಬದಲಾಯಿಸಿದೆ ಎಂದು ಹೇಳಿದ್ದೆನಲ್ಲ, ಅದೂ ಸುಳ್ಳು. ಅದನ್ನು ಅಂದೇ ಆರಿಸಿ ಕಪಾಟಿನಲ್ಲಿಟ್ಟಿದ್ದೆ. ಈಗ ಚಾರ್ಜು ಮಾಡಿ ಈ ಪತ್ರದ ಜೊತೆ ನಾಗರಾಜನ ಕೈಯಲ್ಲಿ ಕಳಿಸುತ್ತಿದ್ದೇನೆ. ಬಂದ ಕರೆಗಳನ್ನು ತೆರೆದು ನೋಡು. ಎಲ್ಲಕ್ಕಿಂತ ಮೇಲಿರುವುದು ಪೊಲೀಸರದ್ದು. ಅದರ ಕೆಳಗಿನದು ಅವನದು, ಹನ್ನೊಂದು ಗಂಟೆ ಏಳು ನಿಮಿಷ.