ನಿನ್ನ ಕೋಣೆಯ ನೆಲ ಒಡೆಯಬೇಕಿದೆ

ಮೇಲ್ಮನೆಯ ಗುಬ್ಬಿಗೆ,

ಕುಶಲವೇ ಎಂದು ಕೇಳಿ ಆಮೇಲೆ ವಿಷಯಕ್ಕೆ ಬರುವಷ್ಟು ತಾಳ್ಮೆ ನನಗಿಲ್ಲ, ಅದು ನಿನಗೇ ಗೊತ್ತು. ನಮ್ಮ ಮನೆ ಸೋರುತ್ತಿದೆ. ಅಮ್ಮ ಬಟ್ಟೆ ಹೊಲಿಯುವ ಕೋಣೆಯ ಛಾವಣಿ ಉಬ್ಬಿ, ಗಾರೆ ಹಳೇ ಗಾಯದ ಹಕ್ಕಳೆಯಂತೆ ಏಳುತ್ತಿದೆ. ಹೊಲಿಗೆ ಯಂತ್ರ ಅಡುಗೆಮನೆಗೆ ಬಂದು ಒಲೆಯ ಪಕ್ಕ ಕೂತಿದೆ. ಮೊನ್ನೆ ತಟ್ಟೆಯಗಲದ ಗಾರೆ ಅಮ್ಮ ಕೂರುವ ಸ್ಟೂಲಿನ ಮೇಲೇ ಬಿತ್ತು. ಅವಳು ಆಗಷ್ಟೇ ದಾರ ತರಲು ಎದ್ದಿದ್ದಳು. ಅಂದಿನಿಂದ ಆ ಬಾಗಿಲನ್ನು ಅಮ್ಮ ಹಾಕುತ್ತಲೇ ಇರುತ್ತಾಳೆ, ನಾನು ತೆಗೆದು ನೋಡುತ್ತಲೇ ಇರುತ್ತೇನೆ.

ನೀರು ನಿಮ್ಮ ಬಚ್ಚಲಿನದೇ ಎಂದು ಸೋದರಮಾವ ತೀರ್ಪು ಕೊಟ್ಟ. "ಊಹೆ ಬೇಡ, ನೀಲಿ ಹಾಕಿ ನೋಡೋಣ" ಎಂದ ಪ್ಲಂಬರ್. ನೀವು ಊರು ಬಿಡುವಾಗ ಕೊಟ್ಟುಹೋದ ಬೀಗದ ಕೈ ಅಮ್ಮನ ಹತ್ತಿರ ಇತ್ತಲ್ಲ, ಮೇಲೆ ಹೋಗಿ ನಿಮ್ಮ ಬಚ್ಚಲಿನ ತೂಬು ಮುಚ್ಚಿ ನೀಲಿ ಕಲಸಿದ ನೀರು ನಿಲ್ಲಿಸಿದ. ಕೆಳಗೆ ನೀಲಿ ಇಳಿದರೆ ತಪ್ಪು ನಿಮ್ಮದು.

ಮರುದಿನ ನಗರಸಭೆಯ ಇಂಜಿನಿಯರ್ ಬಂದರು. ಸ್ಲ್ಯಾಬ್ ಒಡೆಯಲು ಅವರ ಪರವಾನಗಿ ಬೇಕು, ಅದಿಲ್ಲದೆ ಪ್ಲಂಬರ್ ಉಳಿ ಮುಟ್ಟುವುದಿಲ್ಲ. ಬಾಗಿಲು ತೆಗೆದರೆ ಗೋಡೆಯ ಮೇಲೆ ನೀಲಿ! ಮಾವ ಕುಣಿದುಬಿಟ್ಟ. "ನೋಡಿ ಸಾರ್, ನೋಡಿ! ಮೇಲಿನೋರದೇ ಅಂತ ಬಾಯಿ ಬಡ್ಕೊಂಡೆ!" ಇಂಜಿನಿಯರ್ ಪೆನ್ನು ತೆಗೆದರು. ಹಾಗೆಂದು ಅವರು ಬರೆದಿದ್ದರೆ ಸಾಕಿತ್ತು. ನಿಮಗೆ ನೋಟಿಸು, ನಮಗೆ ಪರವಾನಗಿ.

ಆದರೆ ಗುಬ್ಬಿ, ಅದು ಅಮ್ಮನ ಸೀಮೆಸುಣ್ಣ. ಗಿರಾಕಿಗಳ ಅಳತೆಯನ್ನೆಲ್ಲ ಅವಳು ಗೋಡೆಯ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಗೀಚುವುದು ನಿನಗೆ ನೆನಪಿರಬೇಕು, ನಿನ್ನ ಯೂನಿಫಾರಂ ಅಳತೆಯೂ ಅಲ್ಲೇ ಇತ್ತು. ತೇವಕ್ಕೆ ಎದೆ, ಸೊಂಟ, ತೋಳು ಎಲ್ಲ ಕರಗಿ ಒಂದಾಗಿ ಇಳಿದಿದ್ದವು. ನಾನು ಬೆರಳಲ್ಲಿ ಒರೆಸಿ ತೋರಿಸಿದೆ. "ಸಾರ್, ಇದು ಸೀಮೆಸುಣ್ಣ. ಮೇಲಿಂದ ಬೀಳ್ತಿರೋ ಹನಿ ನೋಡಿ, ಅದಕ್ಕೆ ಬಣ್ಣಾನೇ ಇಲ್ಲ." ಮೇಲೆ ಹೋಗಿ ನೋಡಿದರೆ ನಿಮ್ಮ ಬಚ್ಚಲಲ್ಲಿ ನೀಲಿ ನೀರು ಇಟ್ಟ ಹಾಗೇ ನಿಂತಿತ್ತು.

"ಅಕ್ಕಾ, ಊರವರ ಬಟ್ಟೆಗೆಲ್ಲ ಗುಂಡಿ ಹೊಲೀತೀಯ, ಇವಳ ಬಾಯಿಗೊಂದು ಹೊಲಿಬಾರ್ದಿತ್ತಾ?" ಎಂದ ಮಾವ. ಅಮ್ಮ ಆ ಬಾಗಿಲನ್ನು ಮತ್ತೆ ಹಾಕಿದಳು.

ತಾರಸಿಯ ತೊಟ್ಟಿಯಿಂದ ನಮಗೆ ನೀರು ತರುವ ಪೈಪು ನಿನ್ನ ಕೋಣೆಯ ನೆಲದಡಿ ಹಾದುಬರುತ್ತದೆ. ಒಡೆದಿರುವುದು ಅದೇ ಎಂದು ಪ್ಲಂಬರ್ ಪತ್ತೆಮಾಡಿದ. ಈಗ ಬೆಳಿಗ್ಗೆ ಕೊಡ ತುಂಬುವಷ್ಟು ಹೊತ್ತು ಮಾತ್ರ ವಾಲ್ವ್ ತಿರುಗಿಸುತ್ತೇವೆ, ಅಷ್ಟಕ್ಕೇ ಛಾವಣಿ ದಿನವಿಡೀ ಅಳುತ್ತದೆ. ತಪ್ಪು ನಮ್ಮದು, ನೆಲ ನಿನ್ನದು. ನಿನ್ನ ಅಪ್ಪ ತೀರಿಕೊಂಡ ಮೇಲೆ ಮನೆ ನಿನ್ನ ಹೆಸರಿಗೆ ಬಂದಿದೆಯಂತೆ, ಹಾಗಾಗಿ ಒಪ್ಪಿಗೆಯೂ ನಿನ್ನದೇ ಬೇಕು. ಕಚೇರಿಯಲ್ಲಿ ಈ ಕಿಟಕಿಯಿಂದ ಆ ಕಿಟಕಿಗೆ ಅಲೆದೆ. "ಒಂದ್ಕಡೆ ಕೂತ್ಕೋ ತಾಯಿ, ನಿನ್ನ ನೋಡಿ ನಂಗೇ ತಲೆ ತಿರುಗ್ತಿದೆ. ಮೇಲ್ಮನೆ ಸಹಿ ತಾ, ಅವತ್ತೇ ಪರವಾನಗಿ ತಗೊಂಡು ಹೋಗು" ಎಂದರು ಗುಮಾಸ್ತರು.

"ಒಂದೇ ಬೆಂಚಲ್ಲಿ ಕೂತೋರಲ್ವಾ? ನೀನೇ ಗೀಚು, ಯಾವನು ನೋಡ್ತಾನೆ?" ಇದು ಮಾವ. ಗೀಚಬಲ್ಲೆ, ನಿನ್ನ ಸಹಿಯ ಕೊನೆಯ ಬಾಲದ ಸಮೇತ. ಗೀಚಲಿಲ್ಲ.

ಆ ಪರೀಕ್ಷೆಯ ದಿನವೂ ಹೀಗೇ ಆಯಿತು. ನನ್ನ ಕಾಲ ಬಳಿ ಬಿದ್ದ ನಕಲು ಚೀಟಿ ಯಾರದೆಂದು ಟೀಚರ್ ಕೇಳಿದರು, ನಿನ್ನದು ಎಂದೆ. "ಬಾಯಿ ಮುಚ್ಕೊಂಡಿರೋಕೆ ನಿಂಗೇನಾಗಿತ್ತೇ ಬುಗುರಿ?" ಎಂದು ನೀನು ಮೆಟ್ಟಿಲ ಮೇಲೆ ನಿಂತು ಕೇಳಿದೆ. ನಾನು ಕೇಳಿದ ನಿನ್ನ ಕಡೆಯ ಮಾತು ಅದು. ಏನಾಗಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಸುಳ್ಳು ಬಾಯಿಗೆ ಬಂದರೆ ಊಟದಲ್ಲಿ ಕಲ್ಲು ಕಚ್ಚಿದ ಹಾಗಾಗುತ್ತದೆ, ಅಷ್ಟೇ. ನಿನ್ನನ್ನು ಪರೀಕ್ಷೆಯಿಂದ ಹೊರಹಾಕಿದರು, ನಿನಗೆ ಒಂದು ವರ್ಷ ಹೋಯಿತು. ಮೊದಲೇ ಕೂತಲ್ಲಿ ಕೂರದವಳು ನಾನು, ಪಕ್ಕ ಖಾಲಿಯಾದ ಬೆಂಚಿನಲ್ಲಿ ಇರಲಾರದೆ ಶಾಲೆಯನ್ನೇ ಬಿಟ್ಟೆ. ಈಗ ಕ್ಷಮಿಸು ಎಂದು ಬರೆದರೆ ಸಹಿಗಾಗಿ ಬರೆದಂತಾಗುತ್ತದೆ. ಅದಕ್ಕೇ ಬರೆಯುವುದಿಲ್ಲ.

ಒಪ್ಪಿಗೆಯ ಕಾಗದ ಜೊತೆಗಿಟ್ಟಿದ್ದೇನೆ. ಏನಾಗುತ್ತದೆಂದು ಮೊದಲೇ ಹೇಳಿಬಿಡುತ್ತೇನೆ. ಒಡೆಯುವುದು ಕಿಟಕಿಯ ಕೆಳಗಿನ ಜಾಗ, ನಾವು ಬೆನ್ನಿಗೆ ಬೆನ್ನು ಕೊಟ್ಟು ಓದುತ್ತಿದ್ದದ್ದು. ಆ ಹಸಿರು ಟೈಲ್ಸ್ ಈಗ ಎಲ್ಲೂ ಸಿಗುವುದಿಲ್ಲ, ಅಂಗಡಿ ಅಂಗಡಿ ಸುತ್ತಿ ನೋಡಿದ್ದೇನೆ. ತೇಪೆ ಎದ್ದು ಕಾಣುತ್ತದೆ. ಬೇಡವೆನ್ನಿಸಿದರೆ ಬೇಡ ಎಂದೇ ಬರೆ. ಕಾಗದ ತಲುಪಿಲ್ಲವಂತೆ ಎಂದು ಅಮ್ಮನಿಗೆ ನಾನು ಹೇಳುವುದಿಲ್ಲ, ನೀನು ಬೇಡವೆಂದೆ ಎಂದೇ ಹೇಳುತ್ತೇನೆ.

ಸಹಿಯನ್ನು ಅಂಚೆಯಲ್ಲಿ ಕಳಿಸಿದರೂ ಕೆಲಸ ನಡೆಯುತ್ತದೆ. ಆದರೆ ನೀನೇ ಬರುವುದಾದರೆ, ಉಳಿ ಬೀಳುವ ಮುಂಚೆ ಒಮ್ಮೆ ಅಲ್ಲಿ ಕೂರೋಣ. ನೀನು ಬೈಯುವುದನ್ನೆಲ್ಲ ಬೈದು ಮುಗಿಸುವವರೆಗೂ ನಾನು ಎದ್ದು ಓಡಾಡುವುದಿಲ್ಲ. ನಾನು ಸುಳ್ಳು ಹೇಳುವವಳಲ್ಲ ಎಂಬುದು ನಿನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?

ಎಲ್ಲಿದ್ದರೂ ನಿನ್ನ ತಲೆಯ ಮೇಲಿನ ಸೂರು ಸೋರದಿರಲಿ.

ಕೆಳಮನೆಯ ಬುಗುರಿ