ತೊಗರಿಯ ಬುತ್ತಿ ಮುಗಿಯುವ ಮುನ್ನ

ನೆಲದಡಿಯ ವಿಜಾಪುರ,
ಕ್ರಿಸ್ತಶಕ 2614, ಕಾರ್ತಿಕದ ನಲವತ್ತೊಂದನೆಯ ದಿನ

ಕಾಳಿನೊಳಗಿನ ಪ್ರೋಟೀನನ್ನು ಹುಡುಕಿ ತೆಗೆದ ಹಿರಿಯರಿಗೆ ಬಾಳವ್ವ ಮಾಡುವ ಶರಣು.

ಒಂದು ತಿಂಗಳಿಗೆ ನಲವತ್ತೊಂದು ದಿನ ಎಲ್ಲಿಂದ ಬಂದವು ಎಂದು ನಗಬೇಡಿ. ಮೇಲಿನ ಬಿಸಿಲು ಇಳಿಯುವವರೆಗೆ ನಾವು ತಿಂಗಳು ದಾಟಿಸುವುದಿಲ್ಲ. ಈ ಸಲದ ಕಾರ್ತಿಕ ಮುಗಿಯಲೊಲ್ಲದು. ನನ್ನ ಮಾತೂ ನಿಮಗೆ ವಿಚಿತ್ರವಾಗಿ ಕೇಳಿಸೀತು. ನಿಮ್ಮ ಕಾಲದ ಭಾಷೆಯನ್ನು ನಾನು ಕಲಿತದ್ದು ನಿಮ್ಮ ಸಂಶೋಧನಾ ಬರಹಗಳಿಂದ. ಅವುಗಳಲ್ಲಿ ಕೋಷ್ಟಕಗಳು ಬಹಳ, ಅಕ್ಕರೆಯ ಮಾತು ಕಡಿಮೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾವು ಉಣ್ಣುವುದು ಬಾನಿಬೇಳೆ. ನಮ್ಮ ಒಂದೊಂದು ಓಣಿಗೂ ಆಳೆತ್ತರದ ಒಂದು ಹುದುಗುಬಾನಿ ಇದೆ. ಅದರೊಳಗೆ ಕಣ್ಣಿಗೆ ಕಾಣದ ಹುದುಗುಜೀವಗಳಿವೆ. ತೊಗರಿಕಾಳಿನ ಪ್ರೋಟೀನನ್ನೇ ಹೆಣೆಯುವಂತೆ ನಮ್ಮ ಪೂರ್ವಿಕರು ಅವಕ್ಕೆ ಕಲಿಸಿದರು. ಕಲಿಸಿದ್ದು ನಿಮ್ಮ ಬರಹಗಳನ್ನು ಮುಂದಿಟ್ಟುಕೊಂಡು. ಬೆಳಗಾದರೆ ಓಣಿಯವರೆಲ್ಲ ಚರಿಗೆ ಹಿಡಿದು ಬಾನಿಯ ಬಾಯಿಗೆ ಬರುತ್ತೇವೆ, ಹಳದಿ ಗಂಜಿ ತರುತ್ತೇವೆ, ಕಾದ ಕಲ್ಲಿನ ಮೇಲೆ ಹರಡಿ ಹಪ್ಪಳದಂತೆ ಎತ್ತಿ ಉಪ್ಪು ಹಚ್ಚಿ ತಿನ್ನುತ್ತೇವೆ. ಮದುವೆಗೂ ಅದೇ, ತಿಥಿಗೂ ಅದೇ. ಊರಿಗೆ ಯಾರೇ ಬರಲಿ, ಹೆಸರು ಕೇಳುವ ಮೊದಲು ಒಂದು ಸೌಟು ಗಂಜಿ ಬಡಿಸಬೇಕು. ಇದೊಂದು ವಿಷಯದಲ್ಲಿ ನಮ್ಮ ಊರಿನವರಿಗೆ ಜಂಬ ಸ್ವಲ್ಪ ಹೆಚ್ಚೇ. ಆದರೆ ಬಾನಿಗಳಿಗೆ ಈಗ ಮುಪ್ಪು ಬಂದಿದೆ. ಹುದುಗುಜೀವಗಳು ಕಲಿತದ್ದನ್ನು ಮರೆಯುತ್ತಿವೆ, ಪ್ರೋಟೀನಿನ ಎಳೆ ಮಡಚಿಕೊಳ್ಳುವ ರೀತಿ ತಪ್ಪುತ್ತಿದೆ. ಹೊಟ್ಟೆ ತುಂಬ ಉಂಡರೂ ಮಕ್ಕಳ ತೋಳು ಕಡ್ಡಿಯ ಹಾಗೆ ಆಗುತ್ತಿದೆ. ನನಗೆ ಹೆದರಿಕೆಯಾಗಿದೆ, ಅದನ್ನು ಮುಚ್ಚಿಡುವುದಿಲ್ಲ.

ಇಂಥ ಹೊತ್ತಿನಲ್ಲಿ, ನನ್ನ ಜೊತೆ ಬಾನಿಗಳ ಗಂಜಿ ಪರೀಕ್ಷಿಸುವ ಕೆಲಸ ಮಾಡುವ ಕಲ್ಮೇಶಿ ಹೊಸ ಕೋಣೆಗೆಂದು ಗೋಡೆ ಅಗೆಯುವಾಗ ಒಂದು ಗಾಜಿನ ಸೀಸೆ ಸಿಕ್ಕಿತು. ಬಾಯಿಗೆ ಅರಗು, ಒಳಗೆ ಒಂದು ಹಿಡಿ ತೊಗರಿ. ಸ್ವಾಮಿ, ಏನು ಹೇಳಲಿ! ತೊಗರಿಯ ಪ್ರೋಟೀನು ಎಂಬ ಅಮೈನೋ ಆಮ್ಲಗಳ ಸರದ ಒಂದೊಂದು ಮಣಿಯ ಹೆಸರನ್ನೂ ಮಗ್ಗಿಯ ಹಾಗೆ ಒಪ್ಪಿಸಬಲ್ಲೆ. ಕಾಳನ್ನು ಕಂಡದ್ದು ಅದೇ ಮೊದಲು. ಊರಿಗೆ ಊರೇ ನೋಡಲು ಬಂತು. ಬಾನಿ ಕಾಯುವ ಗುರುಬಾಯಿ ಆಯಿ, ನಮ್ಮೆಲ್ಲರಿಗಿಂತ ಹಿರಿಯಳು, ಅಂಗೈಯಲ್ಲಿ ಕಾಳು ಹಿಡಿದು ಮರುಗಿದಳು: "ಎಷ್ಟು ದೂರದಿಂದ ಬಂದಾವೋ ಏನೋ, ಮಾರಿ ನೋಡ್ರಿ, ಹೆಂಗ ಸೊರಗ್ಯಾವ! ಮೊದಲ ಉಣ್ಣಾಕ ಹಾಕ್ರಿ."

ಹಾಕಿದೆವು. ಜೀವ ಎಂದರೆ ಹುದುಗುಜೀವ, ಅದನ್ನು ಬೆಳೆಸುವುದೆಂದರೆ ಗಂಜಿಯಲ್ಲಿ ಬಿಡುವುದು; ಬೇರೆ ರೀತಿ ನಮಗೆ ಗೊತ್ತೇ ಇರಲಿಲ್ಲ. ಬಾನಿಯ ಕೆನೆಗಂಜಿಯನ್ನು ಬೆಚ್ಚಗೆ ಮಾಡಿ ಕಾಳುಗಳನ್ನು ಅದರಲ್ಲಿ ಮುಳುಗಿಸಿದೆವು. ನಾರತೊಡಗಿದಾಗ ಹಸಿವು ಹೆಚ್ಚಿರಬೇಕೆಂದು ಇನ್ನಷ್ಟು ಗಟ್ಟಿ ಗಂಜಿ ಹಾಕಿದೆವು. ಎಲ್ಲ ಕೊಳೆತವು. ಸೀಸೆಯ ತಳಕ್ಕೆ ಅಂಟಿದ್ದ ಒಂದೇ ಒಂದು ಕಾಳು ಉಳಿಯಿತು.

ಅದನ್ನು ಗಂಜಿಗೆ ಹಾಕಲು ಯಾರಿಗೂ ಕೈ ಬರಲಿಲ್ಲ. ಕಾಳಿನ ಅಂಚಿನ ಬಿಳಿ ಕಣ್ಣಿಗೆ ತಾಗದಂತೆ ಬೆನ್ನ ಕಡೆಯಿಂದ ಉಗುರಂಚಿನಷ್ಟು ಚೂರನ್ನು ಕಲ್ಮೇಶಿ ಕೆತ್ತಿ, ಮಸೂರದ ಕೆಳಗಿಟ್ಟು ನೋಡಿದ. ನೋಡುತ್ತಲೇ ಕೂಗಿದ: "ಯಕ್ಕಾ, ಓಡಿ ಬಾ! ಇಷ್ಟ ಸಣ್ಣ ಕಾಳಿನ್ಯಾಗ ಯಾರೋ ಬುತ್ತಿ ಕಟ್ಟಿಟ್ಟಾರ!" ನಾನೂ ಕಣ್ಣಿಟ್ಟೆ. ಸಾಲು ಸಾಲು ಕೋಣೆಗಳು. ಒಂದೊಂದು ಕೋಣೆಯಲ್ಲೂ ದುಂಡು ದುಂಡಾದ ಗಂಟುಗಳು, ಸಂದಿಲ್ಲದಂತೆ ತುಂಬಿದ್ದವು. ನೀವು "ಸಂಗ್ರಹ ಪ್ರೋಟೀನು" ಎಂದು ಬರೆದದ್ದು ಇದನ್ನೇ! ಆ ಹೆಸರನ್ನು ಸಾವಿರ ಸಲ ಓದಿದ್ದೆ. ಸಂಗ್ರಹ ಯಾರದು, ಯಾರಿಗಾಗಿ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ನಮಗಾಗಿ ಎಂದೇ ತಿಳಿದಿದ್ದೆ. ತಾನು ಎಂದೂ ಕಾಣದ ಕೂಸಿಗೆ ಒಂದು ಗಿಡ ಊಟ ಕಟ್ಟಿ ಕಳಿಸಿದೆ, ಅದು ಆರುನೂರು ವರ್ಷ ಹಳಸದೆ ಕಾದಿದೆ. ಕಲ್ಮೇಶಿ ಆ ಚೂರಿನ ಮೇಲೆ ಒಂದು ಹನಿ ನೀರು ಬಿಟ್ಟ. ನಮ್ಮ ಕಣ್ಣೆದುರೇ ಕೋಣೆಗಳು ಉಬ್ಬಿದವು, ಗಂಟುಗಳು ಸಡಿಲಗೊಂಡವು. ಅದಕ್ಕೆ ಬೇಕಿದ್ದದ್ದು ನೀರು ಮಾತ್ರ. ಆಯಿ ಹಣೆ ಹಣೆ ಬಡಿದುಕೊಂಡಳು: "ಬುತ್ತಿ ಕಟಗೊಂಡ ಬಂದವ್ರಿಗೆ ಉಣಿಸಿ ಉಣಿಸಿ ಕೊಂದ್ವಲ್ಲೋ ಯಪ್ಪಾ!"

ಉಳಿದ ಕಾಳನ್ನು ಒದ್ದೆ ಬಟ್ಟೆಯ ಮೇಲೆ ಇಟ್ಟೆವು. ಮೂರು ದಿನ ಯಾರೂ ಜೋರಾಗಿ ಮಾತಾಡಲಿಲ್ಲ. ಆಮೇಲೆ ಬಿಳಿಯದೊಂದು ಬಾಲ ಹೊರಬಂತು, ಅದು ತಾನಾಗಿಯೇ ಕೆಳಕ್ಕೆ ಬಾಗಿತು. ಯಾವುದು ಕೆಳಗೆ ಎಂದು ಅದಕ್ಕೆ ಹೇಳಿದವರಾರು? ಇನ್ನೊಂದು ಎಳೆ ದೀಪದ ಬೆಳಕಿನತ್ತ ಮೇಲಕ್ಕೆ ನಿಂತು ಎರಡು ಎಲೆ ಬಿಚ್ಚಿತು. ಹಸಿರು ಎಂದರೆ ಏನೆಂದು ನಮ್ಮ ಮಕ್ಕಳಿಗೆ ಆ ದಿನ ತಿಳಿಯಿತು. ಓಣಿಯವರು ಕೈ ತೊಳೆದು ಬಂದು, ದೂರದಿಂದಲೇ ನೋಡಿ ಹೋಗುತ್ತಾರೆ. ಒಬ್ಬರೂ ಗಂಜಿ ತರುವುದಿಲ್ಲ.

ಈಗ ನನ್ನ ಸಂಕಟ ಕೇಳಿ. ಮೊಳಕೆಯ ಬುಡದಲ್ಲಿ ಎರಡು ಬೇಳೆಗಳೂ ದಿನದಿನಕ್ಕೆ ಸುಕ್ಕಾಗುತ್ತಿವೆ. ಬುತ್ತಿ ಮುಗಿಯುತ್ತ ಬಂದಿದೆ. ಮುಗಿದ ಮೇಲೆ ಈ ಕೂಸು ಏನನ್ನು ಉಣ್ಣುತ್ತದೆ? ಆ ಬಾಲ ಕೆಳಕ್ಕೆ ಬಾಗಿದ್ದನ್ನು ನೋಡಿದರೆ ಮಣ್ಣಿಗೆ ಇಳಿಸಬೇಕೇನೋ, ಆದರೆ ಯಾವ ಮಣ್ಣಿಗೆ, ಎಷ್ಟು ಆಳಕ್ಕೆ? ಮೇಲಿನ ಬಿಸಿಲಿಗೆ ಒಯ್ದರೆ ಬದುಕೀತೇ, ಬಾಡೀತೇ? ನಿಮ್ಮ ಬರಹಗಳನ್ನೆಲ್ಲ ಮತ್ತೆ ತಿರುವಿ ಹಾಕಿದೆ. ನಿಮ್ಮ ಜಾಣ್ಮೆಗೆ ಕೈಮುಗಿಯುತ್ತೇನೆ, ನಿಮ್ಮ ಮೇಲೆ ಸಿಟ್ಟೂ ಬರುತ್ತದೆ. ಎಲ್ಲವೂ ಶುರುವಾಗುವುದು ಒಂದೇ ಮಾತಿನಿಂದ: "ಬಲಿತ ಕಾಳುಗಳನ್ನು ತೆಗೆದುಕೊಂಡು ನುಣ್ಣಗೆ ಅರೆಯಲಾಯಿತು." ಆ ಕಾಳು ಬಲಿತದ್ದು ಹೇಗೆ? ಅದನ್ನು ಒಬ್ಬರೂ ಬರೆದಿಲ್ಲ. ಹೊಲ ಕಂಡವರಿಗೆಲ್ಲ ಗೊತ್ತಿರುವುದನ್ನು ಯಾಕೆ ಬರೆಯಬೇಕು ಎಂದುಕೊಂಡಿರಿ.

ನನ್ನ ಬೇಡಿಕೆ ಇಷ್ಟೇ. ತೊಗರಿಯನ್ನು ಬಿತ್ತುವುದು ಹೇಗೆಂದು ಬರೆದಿಡಿ. ನಿಮಗೆ ಗೊತ್ತಿಲ್ಲದಿದ್ದರೆ ಹೊಲಕ್ಕೆ ಹೋಗಿ, ಬಿತ್ತುವವರನ್ನು ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ. ಬರೆದದ್ದನ್ನು ನೀರು, ಗೆದ್ದಲು ಮುಟ್ಟದಂತೆ ಈ ವಿಜಾಪುರದ ನೆಲದಲ್ಲಿ ಆಳವಾಗಿ ಹೂಳಿ. ನಾವು ಕಾಯಬೇಕಾದ ಆರುನೂರು ವರ್ಷ ಆಗಲೇ ಕಳೆದಿದೆ. ನೀವು ಹೂಳಿದ್ದರೆ ಅದು ಈಗಲೇ ಇಲ್ಲಿ, ನನ್ನ ಸುತ್ತಲಿನ ಮಣ್ಣಿನಲ್ಲಿ ಎಲ್ಲೋ ಇದೆ. ಬೆಳಗಾದೊಡನೆ ಕಲ್ಮೇಶಿಯೂ ನಾನೂ ಗುದ್ದಲಿ ಹಿಡಿದು ಹೊರಡುತ್ತೇವೆ.

ಹೂಳಿಟ್ಟಿರುತ್ತೀರಿ, ಅಲ್ಲವೇ?

ನಿಮ್ಮ
ಬಾಳವ್ವ