ಉಳಿದರ್ಧ ಸಮುದ್ರ

ರೀ ಕ್ಯಾಪ್ಟನ್ ಸಾಹೇಬರೇ,

ನೀವು ಏಳುವ ಹೊತ್ತಿಗೆ ನಾನು ಈ ದ್ವೀಪದಿಂದ ಹೊರಡುವ ವಿಮಾನದಲ್ಲಿರುತ್ತೇನೆ. ಫ್ಲಾಸ್ಕಿನಲ್ಲಿ ಚಹಾ ಇದೆ. ದೋಣಿಯ ನೀರಿನ ಪಂಪು ಸೋರುತ್ತಿತ್ತು, ಬಟ್ಟೆ ಸುತ್ತಿದ್ದೇನೆ.

ನಡುಸಮುದ್ರದಲ್ಲಿ ನಾನು ದೋಣಿಯಿಂದ ಬಿದ್ದಾಗ, "ತಡ್ಕೋ, ಹೊಸ ಹಾಯಿ ಹರಿದೋಗುತ್ತೆ, ಮೊದ್ಲು ಅದನ್ನ ಇಳಿಸ್ತೀನಿ" ಅಂದಿರಿ. ಸೊಂಟಕ್ಕೆ ಕಟ್ಟಿಕೊಂಡಿದ್ದ ಹಗ್ಗ ಹಿಡಿದು ನಾನೇ ಹತ್ತಿ ಬಂದೆ. ನಿನ್ನೆ ಬಂದರಿನ ಹೋಟೆಲಿನಲ್ಲಿ ಅದನ್ನೇ ತಮಾಷೆಯಾಗಿ ಹೇಳಿ ಎಲ್ಲರನ್ನೂ ನಗಿಸಿದಿರಿ. ನಾನೂ ನಕ್ಕೆ.

ನಿಮಗೆ ನಕ್ಷೆ ಓದಲು ಬಾರದು, ಇಲ್ಲಿಯವರೆಗೆ ದಾರಿ ನೋಡಿದವಳು ನಾನು. ಆದರೂ ಉಳಿದರ್ಧ ಸಮುದ್ರವನ್ನು ನೀವೊಬ್ಬರೇ ದಾಟುತ್ತೀರೆಂದು ನಿಮ್ಮ ಆಫೀಸಿನವರಿಗೂ ನಿಮ್ಮಮ್ಮನಿಗೂ ಫೋನ್ ಮಾಡಿ ಹೇಳಿದ್ದೇನೆ. ಉತ್ತರನ ಪೌರುಷ ಒಲೆಯ ಮುಂದೆ ಅಂತ ಯಾರೂ ಆಡಿಕೊಳ್ಳಬಾರದಲ್ಲ. ನಿಮ್ಮಮ್ಮ ಆಗಲೇ ಬೀದಿಗೆಲ್ಲ ಹೇಳಿಬಿಟ್ಟಿದ್ದಾರೆ.